ದಫೇದಾರನ ಕಳ್ಳ

ಹುಚ್ಚಯ್ಯ ಎರಡೂ ತೋಳಿಗೆ ಗೋಣಿತಾಟು ಸುತ್ತಿಕೊಂಡು, ಕಾಂಪೌಂಡು ಹಾರಿ ಬಂದು, ಜಗಲಿಯ ಮೇಲೆ ಕೂತಿದ್ದ ಸಿದ್ದಮಲ್ಲಪ್ಪನ ಕೊರಳಿಗೆ ಕೈ ಹಾಕಿದ್ದೇ ತಡ, ದಫೇದಾರ ಎಂಬ ನಾಯಿ ನೆಗೆದು ಹುಚ್ಚಯ್ಯನ ತೋಳನ್ನು ಕಚ್ಚಿ ಹಿಡಿಯಿತು. "ಬಿಡು!" ಎಂದ ಸಿದ್ದಮಲ್ಲಪ್ಪ. ನಾಯಿ ತಕ್ಷಣ ಬಿಟ್ಟಿತು. ಹುಚ್ಚಯ್ಯ ಗೇಟು ದಾಟಿ ಓಡಿದ. ಚಾಮರಾಜಪುರಂನ ಆ ಬೀದಿಯ ಜನ ತಿಂಗಳುಗಟ್ಟಲೆ ಸಂಜೆ ಹೊತ್ತು ನೋಡಿದ ಪುಕ್ಕಟೆ ನಾಟಕ ಇದು. ಗರಡಿಯಲ್ಲಿ ಯಾರಿಗೂ ಬೆನ್ನು ತೋರಿಸದ ಪೈಲ್ವಾನ ದಿನವೂ ಒಂದು ನಾಯಿಗೆ ಸೋತು ಓಡುವುದೆಂದರೆ ಸಾಮಾನ್ಯವೇ!

ಸಿದ್ದಮಲ್ಲಪ್ಪ ಯುದ್ಧಕಾಲದಲ್ಲಿ ಮಿಲಿಟರಿ ಲಾರಿ ಓಡಿಸಲು ಹೋಗಿ, ಎರಡೂ ಕಣ್ಣು ಕಳೆದುಕೊಂಡು ಬಂದವನು. ಯಾರೋ ಸಾಹೇಬರು ಕೊಟ್ಟ ಅಲ್ಸೇಷನ್ ಮರಿಗೆ ತಾನೇ ದಾರಿ ತೋರಿಸುವ ವಿದ್ಯೆ ಕಲಿಸಿದ್ದ. ಚರಂಡಿ ಬಂದರೆ ಅದು ನಿಲ್ಲುತ್ತಿತ್ತು, ಜಟಕಾ ಬಂದರೆ ಅವನನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಆದರೆ ಹೆಸರಿಗಷ್ಟೇ ದಫೇದಾರ. ಕಂಡಕಂಡವರಿಗೆಲ್ಲ ಬಾಲ ಅಲ್ಲಾಡಿಸುವ ಸಾಧು ಪ್ರಾಣಿ. ಹಿಂದಿನ ಶ್ರಾವಣದಲ್ಲಿ ಹಾಡಹಗಲೇ ಯಾವನೋ ಸಿದ್ದಮಲ್ಲಪ್ಪನ ಕೊರಳಿನ ಬೆಳ್ಳಿ ಕರಡಿಗೆಯನ್ನು ಲಿಂಗದ ಸಮೇತ ಕಿತ್ತುಕೊಂಡು ಹೋದಾಗಲೂ ಅದು ಬಾಲ ಅಲ್ಲಾಡಿಸುತ್ತಲೇ ನಿಂತಿತ್ತು. ಕಣ್ಣು ಹೋದಾಗ ಅಳದವನು ಅವತ್ತು ಅತ್ತುಬಿಟ್ಟ.

ಮಠದಲ್ಲಿ ಬೇರೆ ಲಿಂಗ ಕಟ್ಟಿಸಿಕೊಂಡು ಬಂದ ಮೇಲೆ ನಾಯಿಗೆ ಕಾವಲಿನ ಪಾಠ ಶುರುವಾಯಿತು. ಪಾಠಕ್ಕೆ ಒಬ್ಬ ಕಳ್ಳ ಬೇಕಲ್ಲ? ಕಚ್ಚಿಸಿಕೊಳ್ಳಲು ಬೀದಿಯಲ್ಲಿ ಯಾರೂ ಒಪ್ಪಲಿಲ್ಲ. ಒಪ್ಪಿದವನು ಗರಡಿಯ ಕಾಲದ ಗೆಳೆಯ, ಜಟಕಾ ಹೊಡೆಯುವ ಹುಚ್ಚಯ್ಯ ಒಬ್ಬನೇ. ದಿನಾ ಸಂಜೆ ಅದೇ ಜಗಲಿಯಲ್ಲಿ ಕೂತು, ಅಕ್ಷರ ಕೂಡಿಸಿ ಕೂಡಿಸಿ ಗೆಳೆಯನಿಗೆ ಪೇಪರು ಓದಿ ಹೇಳುತ್ತಿದ್ದವನೂ ಅವನೇ. ದಫೇದಾರನಿಗೆ ಅವನೆಂದರೆ ಪ್ರಾಣ. ಮೊದಮೊದಲು ಕಳ್ಳನ ಕೈಯನ್ನು ನೆಕ್ಕಿತು. ರೇಗಿಸಿ, ಗದರಿಸಿ, ಕೋಲು ಬೀಸಿ ಆ ಸ್ನೇಹವನ್ನು ಮರೆಸುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು. ಪಾಠ ಮುಗಿಯುವ ತನಕ ಪೇಪರೂ ಇಲ್ಲ, ಮಾತೂ ಇಲ್ಲ.

ಅಂತೂ ಒಂದು ಸಂಜೆ ಪಾಠ ಮುಗಿಯಿತು. "ಪಾಸಾಗ್ಬುಟ್ಟ ಕಣೋ ನಮ್ಮ ದಫೇದಾರ!" ಎಂದು ಸಿದ್ದಮಲ್ಲಪ್ಪ ತೊಡೆ ತಟ್ಟಿದ. ಅವನ ಹೆಂಡತಿ ಗಿರಿಜಾಂಬಾ ಬಿಸಿ ಉಪ್ಪಿಟ್ಟು, ಕಾಫಿ ತಂದಿಟ್ಟು, "ಬನ್ನಿ ಅಣ್ಣಯ್ಯ, ಕಳ್ಳತನ ಮಾಡಿದ್ದು ಸಾಕು" ಎಂದು ಕರೆದಳು. ಹುಚ್ಚಯ್ಯ ಗೋಣಿತಾಟು ಬಿಚ್ಚೆಸೆದು, ಮುಖ ತೊಳೆದು, ಪೇಪರನ್ನು ಕಂಕುಳಲ್ಲಿಟ್ಟುಕೊಂಡು ಮನೆಯ ಅಳಿಯನ ಗತ್ತಿನಲ್ಲಿ ಗೇಟು ತೆಗೆದ.

ದಫೇದಾರ ಮೆಟ್ಟಿಲ ಮೇಲೆ ಅಡ್ಡ ನಿಂತು ಹಲ್ಲು ಕಿರಿಯಿತು.

"ಲೋ, ಹುಚ್ಚಯ್ಯ ಕಣೋ ಅದು!" ಸಿದ್ದಮಲ್ಲಪ್ಪ ಕೂಗಿದ. ನಾಯಿ ಕದಲಲಿಲ್ಲ.

"ಅಯ್ಯೋ ಶಿವನೇ!" ಗಿರಿಜಾಂಬಾ ಹಣೆ ಚಚ್ಚಿಕೊಂಡಳು. "ಲೋಕದಲ್ಲಿರೋ ಕಳ್ಳರನ್ನೆಲ್ಲ ಬಿಟ್ಟು, ನಮ್ಮನೆಗೆ ಬರೋ ಒಬ್ಬರನ್ನೇ ಕಳ್ಳ ಅಂತ ತೋರಿಸ್ಕೊಟ್ಟಿದ್ದೀರಲ್ರೀ!"

ಸಿದ್ದಮಲ್ಲಪ್ಪನ ಮುಖ ಇಳಿದುಹೋಯಿತು. "ನಾಳೆಯಿಂದ ನೀನೇ ಅದಕ್ಕೆ ಅನ್ನ ಹಾಕು, ಹುಚ್ಚಯ್ಯ. ಮೆಲ್ಲಗೆ ಸರಿಹೋಗ್ತದೆ."

ಹುಚ್ಚಯ್ಯ ಗೇಟು ಹಿಡಿದುಕೊಂಡು ಜಗಲಿಯನ್ನೇ ನೋಡಿದ. ಇಷ್ಟು ದಿನ ಕಚ್ಚಿಸಿಕೊಂಡದ್ದೇ ಮತ್ತೆ ಅಲ್ಲಿ ಕೂರುವ ಆಸೆಯಿಂದ.

"ಬ್ಯಾಡ ಕಣ್ ಮಲ್ಲಪ್ಪ," ಎಂದ. "ಕಳ್ಳನ ಕೈಲಿ ಅನ್ನ ತಿನ್ನೋದು ಕಲ್ತ್ರೆ, ನಾಳೆ ಯಾವನು ತುತ್ತು ಎಸೆದ್ರೂ ಸುಮ್ಕಾಗ್ತದೆ. ಪಟ್ಟ ಪಾಡೆಲ್ಲ ನೀರಲ್ಲಿ ಹೋಮ ಆಗ್ಬುಡ್ತದೆ. ನಿನ್ನ ಕೊರಳಿಗಿಂತ ನಂಗೆ ಕಾಪಿ ಹೆಚ್ಚಾ?"

"ಮತ್ತೆ ಪೇಪರು?"

"ಓದ್ತೀನಿ ಬುಡು. ನಿಂಗೆ ಹೋಗಿರೋದು ಕಣ್ಣು, ಕಿವಿಯಲ್ವಲ್ಲ!"

ರಸ್ತೆ ದಾಟಿ, ಎದುರು ಮನೆಯ ಚರಂಡಿಯ ಚಪ್ಪಡಿಯ ಮೇಲೆ ಕೂತು ಗಂಟಲು ಹರಿಯುವಂತೆ ಓದತೊಡಗಿದ. ಗಿರಿಜಾಂಬಾ ಕಾಫಿಯನ್ನು ಅಲ್ಲಿಗೇ ಕೊಂಡುಹೋಗಿ ಕೊಟ್ಟಳು. ಅಂದಿನಿಂದ ವರ್ಷಗಟ್ಟಲೆ ಅದೇ ನಡೆಯಿತು. ಕನ್ನಂಬಾಡಿ ಕಟ್ಟೆ ತುಂಬಿದ್ದು, ಕನ್ನಡನಾಡು ಒಂದಾಗಿದ್ದು, ಎಲ್ಲವನ್ನೂ ಆ ಬೀದಿ ಕೇಳಿದ್ದು ಹುಚ್ಚಯ್ಯನ ಗಂಟಲಿನಲ್ಲೇ. ಒಲೆಯ ಮುಂದಿನ ಹೆಂಗಸರೂ ಕಿಟಕಿ ತೆರೆದಿಟ್ಟುಕೊಳ್ಳುತ್ತಿದ್ದರು. ಅವನು ತಪ್ಪು ಓದಿದರೆ ನಾಲ್ಕು ಮನೆಗಳಿಂದ ನಗು ಕೇಳುತ್ತಿತ್ತು. ಜಗಲಿಯಲ್ಲಿ ಸಿದ್ದಮಲ್ಲಪ್ಪ ಕಿವಿಗೆ ಕೈ ಮರೆ ಮಾಡಿ ಆಲಿಸುತ್ತಿದ್ದ. ಅವನ ಪಕ್ಕದಲ್ಲಿ ದಫೇದಾರ ಕಳ್ಳನ ಮೇಲಿನ ಕಣ್ಣು ಕೀಳದೆ ಕೂತಿರುತ್ತಿತ್ತು. ಎಂಥ ಸಂಜೆಗಳು ಅವು! ಸಿದ್ದಮಲ್ಲಪ್ಪನ ಕೊರಳಿಗೆ ಮತ್ತೆಂದೂ ಯಾರೂ ಕೈ ಹಾಕಲಿಲ್ಲ.

ವಯಸ್ಸಾಗಿ ದಫೇದಾರ ಒಂದು ಬೆಳಿಗ್ಗೆ ಏಳಲಿಲ್ಲ. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹುಚ್ಚಯ್ಯನೇ ಗುಂಡಿ ತೋಡಿ ಮಣ್ಣು ಮಾಡಿದ. ಮಾರನೆಯ ಸಂಜೆ ಪೇಪರು ಹಿಡಿದು ಬಂದವನು ಗೇಟಿನಲ್ಲಿ ತನಗರಿವಿಲ್ಲದೆ ನಿಂತ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ, ಎಷ್ಟೋ ವರ್ಷದಿಂದ ಬಯಸಿದ್ದ ಜಾಗದಲ್ಲಿ ಗೆಳೆಯನ ಮೈಗೆ ಮೈ ತಾಗಿಸಿ ಕೂತ. ಮೆಲುದನಿಯಲ್ಲಿ ಓದಲು ಶುರುಮಾಡಿದ.

ಸಿದ್ದಮಲ್ಲಪ್ಪ ತಡವರಿಸಿ ಅವನ ತೋಳು ಹಿಡಿದುಕೊಂಡ. ಗೋಣಿತಾಟನ್ನೂ ದಾಟಿ ಇಳಿದಿದ್ದ ಹಳೆಯ ಹಲ್ಲಿನ ಗುರುತುಗಳ ಮೇಲೆ ಅವನ ಬೆರಳುಗಳು ಬಹಳ ಹೊತ್ತು ಆಡಿದವು.

"ಎದ್ದು ಆ ಕಡೆಗೇ ಹೋಗಿ ಓದೋ, ಹುಚ್ಚ," ಎಂದ ಕೊನೆಗೆ. "ನೀನು ಪಕ್ಕದಲ್ಲಿ ಕೂತ್ರೆ, ಅದಿಲ್ಲ ಅಂತ ಗೊತ್ತಾಗ್ಬುಡ್ತದೆ ಕಣೋ."