ಬಾಲದ ಪಟ್ಟಿಯ ಬಣ್ಣ

ನೀಲಾವತಿ ಟೀಚರ್ ಬೀಗ ಹಾಕಿದ ಗೇಟಿನ ಸರಳುಗಳ ನಡುವೆ ಕೈ ತೂರಿಸಿ, ರವಿಕೆ ಬಟ್ಟೆಯ ತುಂಡೊಂದನ್ನು ವಿಮಾನದ ಬಾಲದ ಕಡೆಗೆ ಎತ್ತಿ ಹಿಡಿದರು. ಒಂದು ಕಣ್ಣು ಮುಚ್ಚಿದರು.

"ಕೇಸರಿ. ನೋಡು ಪ್ರಶಾಂತ, ಸಾಕ್ಷಾತ್ ಕೇಸರಿ."

"ಇಷ್ಟು ದೂರದಿಂದ ಸಾಸಿವೆಯೂ ಕೇಸರಿಯೇ ಟೀಚರ್," ಎಂದ ಪ್ರಶಾಂತ. "ಮೇಲಿಂದ ಈ ಬಿಸಿಲು ಬೇರೆ ಉಂಟು."

ಒಳಗಿನಿಂದ ವಾಚ್‌ಮನ್ ಓಡಿ ಬಂದ. "ಏ ಆಂಟಿ, ಕ್ಯಾ ಚಲ್ ರಹಾ ಹೈ?"

ಕುರ್ಲಾದ ಆ ಎಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿ ಹಳೆಯ ತರಬೇತಿ ಜೆಟ್ ವಿಮಾನವೊಂದು ತನ್ನ ಚಕ್ರಗಳ ಮೇಲೆ ನಿಂತು ಎಷ್ಟೋ ಮಳೆಗಾಲ ಕಳೆದಿತ್ತು. ಬಣ್ಣವೆಲ್ಲ ಉದುರಿ, ತಿಕ್ಕಿ ಬೋರಲು ಹಾಕಿದ ಪಾತ್ರೆಯಂತಾಗಿತ್ತು. ಈಗ ಬೆಳ್ಳಿಹಬ್ಬಕ್ಕೆಂದು ಕಾಲೇಜಿನವರು ಅದಕ್ಕೆ ಮೂಲ ಬಣ್ಣವನ್ನೇ ಮರಳಿ ಹಚ್ಚಿಸಿದ್ದಾರೆಂಬ ಸುದ್ದಿ ಕೇಳಿ ಇಬ್ಬರೂ ಲೋಕಲ್ ಹತ್ತಿ ಬಂದಿದ್ದರು.

ಟೀಚರ್ ಹಿಂದೆ ಭೌತಶಾಸ್ತ್ರ ಕಲಿಸಿದವರು, ಪ್ರಶಾಂತ ಅವರಲ್ಲಿ ಕಲಿತವನು. ಈಗ ಇಬ್ಬರೂ ಜೆಟ್ ವಿಮಾನಗಳ ಪುಟ್ಟ ಮಾದರಿ ಕಟ್ಟುವವರ ಒಂದೇ ಕ್ಲಬ್ಬಿನ ಸದಸ್ಯರು. ನಾಳೆ ಪರೇಲಿನಲ್ಲಿ ಕ್ಲಬ್ಬಿನ ಪ್ರದರ್ಶನ, ತೀರ್ಪುಗಾರ ಪ್ರಶಾಂತ. ಟೀಚರ್ ಕಟ್ಟಿದ್ದು ಇದೇ ವಿಮಾನವನ್ನು, ಇದೇ ನಂಬರಿನೊಂದಿಗೆ, ಚಕ್ರ ಮಡಚಿಕೊಂಡು ಹಾರುವ ಭಂಗಿಯಲ್ಲಿ. ಬಾಲಕ್ಕೆ ಕೇಸರಿ ಪಟ್ಟಿ ಎಳೆದಿದ್ದರು. ಕಳೆದ ವರ್ಷ ಅದರ ಫೋಟೋಗಳನ್ನು ಕ್ಲಬ್ಬಿನ ಪೇಜಿಗೆ ಹಾಕಿದಾಗ, ಬಾಲದ ಫೋಟೋ ಕಂಡದ್ದೇ ತಡ, ಉಳಿದವನ್ನು ನೋಡುವ ತಾಳ್ಮೆಯೂ ಇಲ್ಲದೆ ಪ್ರಶಾಂತ ಜಗಳ ತೆಗೆದಿದ್ದ. ಪಟ್ಟಿ ಸಾಸಿವೆ ಹಳದಿ ಎಂಬುದು ಅವನ ಹಟ.

ಸಿಕ್ಕಿದ್ದ ಹಳೆಯ ಚಿತ್ರ ಒಂದೇ, ಅದೂ ಕಪ್ಪು ಬಿಳುಪು. ಹಳದಿಯಾಗಿದ್ದರೆ ಪಟ್ಟಿ ಇಷ್ಟು ಗಾಢ ಬೂದಾಗಿ ಬೀಳುತ್ತಿರಲಿಲ್ಲ ಎಂದು ಟೀಚರ್. ಬೂದು ನೋಡಿ ಬಣ್ಣ ಹೇಳುವುದು ಜ್ಯೋತಿಷ್ಯ, ವಿಜ್ಞಾನವಲ್ಲ ಎಂದು ಶಿಷ್ಯ. ಸಾಕ್ಷಿ ಸಿಗದಿದ್ದರೆ ಮಾದರಿಯ ಪಕ್ಕದಲ್ಲಿ 'ಬಣ್ಣ ತಪ್ಪು' ಎಂಬ ಚೀಟಿ ಇಡುವವನೇ ಅವನು. ಪ್ರಾಕ್ಟಿಕಲ್ ಪುಸ್ತಕಗಳ ಮೇಲೆ ಅಂಥ ಷರಾ ಎಷ್ಟು ಗೀಚಿದ್ದರೋ ಟೀಚರ್; ತಮ್ಮದರ ಮೇಲೆ ಒಂದನ್ನು ಬರೆಸಿಕೊಳ್ಳುವ ಯೋಚನೆಗೇ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಮಾದರಿಯನ್ನು ಲೋಕಲ್‌ನಲ್ಲಿ ತಂದರೆ ರೆಕ್ಕೆ ಉಳಿಯದು. ಹಾಗಾಗಿ ಗ್ರಾಂಟ್ ರೋಡಿನ ಮ್ಯಾಚಿಂಗ್ ಸೆಂಟರಿಗೆ ಹೋಗಿ, ಅಂಗಡಿಯವನಿಂದ ಥಾನಿನ ಮೇಲೆ ಥಾನು ಬಿಚ್ಚಿಸಿ, ತಮ್ಮ ಪಟ್ಟಿಗೆ ಕೂದಲೆಳೆಯೂ ವ್ಯತ್ಯಾಸವಿಲ್ಲದ ರವಿಕೆ ಬಟ್ಟೆ ತಂದಿದ್ದರು. "ಸೀರೆ ಯಾವುದು ಮೇಡಂ?" ಎಂದು ಕೇಳಿದವನಿಗೆ "ಜೆಟ್" ಎಂದಿದ್ದರು. ಅವನು ಜಾರ್ಜೆಟ್ ಇರಬೇಕೆಂದು ತಲೆಯಾಡಿಸಿದ್ದ.

ನಿವೃತ್ತ ಪ್ರೊಫೆಸರ್ ಎಂದಾಗ ವಾಚ್‌ಮನ್ ಗೇಟು ತೆಗೆದ. ವಿಮಾನದ ಕಟ್ಟೆಯ ಬಳಿ ಪೇಂಟರ್ ಮರೆಪ್ಪ ಕುಕ್ಕರಗಾಲಲ್ಲಿ ಕೂತು ಕಾಲೇಜಿನ ಹೆಸರು ಬರೆಯುತ್ತಿದ್ದ. ಅವನ ಏಣಿ ಹತ್ತಿ ಟೀಚರ್ ಬಟ್ಟೆಯನ್ನು ಬಾಲದ ಪಟ್ಟಿಗೆ ಒತ್ತಿ ಹಿಡಿದರು. ಬಟ್ಟೆ ಎಲ್ಲಿ ಮುಗಿಯಿತು, ಪಟ್ಟಿ ಎಲ್ಲಿ ಶುರುವಾಯಿತು, ತಿಳಿಯಲಿಲ್ಲ.

"ಈಗೆಂತ ಹೇಳ್ತೀಯ ಮಾರಾಯ?"

ಪ್ರಶಾಂತ ಗಲ್ಲ ಕೆರೆದುಕೊಂಡ. "ಬಣ್ಣ ಹೊಸತಲ್ಲವಾ ಟೀಚರ್? ಡಬ್ಬದಲ್ಲಿ ಇದ್ದದ್ದನ್ನು ಬಳಿದಿರಬಹುದು. ಇದು ಸಾಕ್ಷಿ ಆಗ್ತದಾ? ನೀವೇ ಹೇಳಿ."

ಇಂಥ ಪ್ರಶ್ನೆ ಕೇಳುವುದನ್ನು ಅವನಿಗೆ ಕಲಿಸಿದ್ದು ಟೀಚರೇ. ಏಣಿಯಿಂದಿಳಿದು, ಸೆರಗು ಸಿಕ್ಕಿಸಿಕೊಂಡು ವಿಮಾನದ ಹೊಟ್ಟೆಯಡಿ ನುಸುಳಿದರು. ನುಸುಳಿದವರು ಅಲ್ಲೇ ನಿಂತರು.

"ಬಾ ಇಲ್ಲಿ. ತಲೆ ಜೋಪಾನ."

ಹೊಟ್ಟೆಯ ನಟ್ಟನಡುವೆ ಬಟ್ಟಲಿನಗಲದ ಕರಿಯ ವೃತ್ತ. ಟೀಚರ್ ಮುಟ್ಟಿ ನೋಡಿದರು. ಮುಚ್ಚಳವಲ್ಲ, ಕಿಂಡಿಯಲ್ಲ, ನುಣುಪಾದ ಲೋಹದ ಮೇಲೆ ಬರೆದ ಗುರುತು.

"ಇದು ಯಾವ ಪುಸ್ತಕದಲ್ಲಿಯೂ ಇಲ್ಲ," ಎಂದ ಪ್ರಶಾಂತ, ದನಿ ತಗ್ಗಿಸಿ.

"ಇಲ್ಲ ಅಲ್ಲವಾ? ಮನಸ್ಸಿಗೆ ಬಂದ ಹಾಗೆ ಬಣ್ಣ ಹೊಡೆಯುವವನು, ನಾಯಿಯೂ ಕತ್ತೆತ್ತಿ ನೋಡದ ಜಾಗದಲ್ಲಿ ಇದನ್ನು ಬರೆಯುತ್ತಾನಾ? ಅಸಲು ಫೋಟೋ ಎದುರಿಗಿಟ್ಟುಕೊಂಡೇ ಬರೆದದ್ದು. ವೃತ್ತ ಅಸಲು ಅಂತಾದರೆ ಪಟ್ಟಿಯೂ ಅಸಲು."

ಪ್ರಶಾಂತ ಅಂಗಾತ ಮಲಗಿ ವೃತ್ತದ ಫೋಟೋ ತೆಗೆದ, ಪಕ್ಕಕ್ಕೆ ಹೊರಳಿ ಇನ್ನೊಂದು ತೆಗೆದ. ಎದ್ದು ಬಂದು, ಜೇಬಿನಲ್ಲಿ ಆಗಲೇ ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಟೀಚರ್ ಎದುರೇ ಹರಿದ.

"ಮೊದಲೇ ಬರೆದಿಟ್ಟಿದ್ದೆಯಾ? ಕಳ್ಳ!"

"ಸೋತೆ ಟೀಚರ್. ಇವತ್ತಿನ ವಡಾಪಾವ್ ಖರ್ಚು ನನ್ನದು. ಈ ವೃತ್ತದ ಮೇಲೆ ಲೇಖನ ಬರೆಯುವ. ಜಗತ್ತಿಗೇ ಗೊತ್ತಿಲ್ಲದ ಸಂಗತಿ ಇದು!"

ಟೀಚರ್‌ಗೆ ಹತ್ತು ವರ್ಷ ಚಿಕ್ಕವರಾದಂತೆ ಅನಿಸಿತು. ಆದರೆ ಲೇಖನವೆಂದ ಮೇಲೆ ಆಧಾರ ಬೇಕು. ಅವರು ಮರೆಪ್ಪನ ಬಳಿ ಹೋದರು.

"ಹೊಟ್ಟೆಯಡಿ ಕರಿ ಗುರುತು ಬರೆದದ್ದು ನೀವಾ? ಅದು ಯಾತರದ್ದು?"

"ಯಾತರದ್ದಂತ ನನಗೇನ್ ಗೊತ್ರಿ ಅಕ್ಕಾರ," ಮರೆಪ್ಪ ಬ್ರಷ್ ಕೆಳಗಿಟ್ಟ. "ಸಾಹೇಬ್ರು ಎಲ್ಲಿಂದೋ ಫೋಟೋ ಹುಡಿಕಿ ಕೊಟ್ರು. ಇದರಾಗ ಹ್ಯಾಂಗ ಅದನೋ ಹಂಗ ಮಾಡು, ಒಂದ್ ಚುಕ್ಕಿ ಸೈತ ಬಿಡಬ್ಯಾಡ ಅಂದ್ರು. ನಾ ಬಿಟ್ಟಿಲ್ರಿ."

"ಕಪ್ಪು ಬಿಳುಪಾ?"

"ಛೇ, ಕಲರ್ ರೀ! ಸುತ್ತೂಕಡಿಂದ ತಗದಾರ. ಹೊಟ್ಟಿದೂ ಅದ ನೋಡ್ರಿ."

"ಕಲರ್!" ಪ್ರಶಾಂತ ಟೀಚರ್ ಹೆಗಲ ಮೇಲಿಂದ ಕತ್ತು ಚಾಚಿದ. "ಅಸಲು ಕಲರ್ ಫೋಟೋ ಟೀಚರ್!"

ಮರೆಪ್ಪ ಕೈಯನ್ನು ಚಿಂದಿಗೆ ಒರೆಸಿಕೊಂಡು, ಮೊಬೈಲ್ ತೆಗೆದು, ಬೆರಳಿನಿಂದ ಚಿತ್ರ ಹಿಗ್ಗಿಸಿ ಅವರ ಮುಂದೆ ಹಿಡಿದ.

ವಿಮಾನ ತಲೆಕೆಳಗಾಗಿತ್ತು, ಅದನ್ನು ಎರಡೇ ಬೆರಳಲ್ಲಿ ಹಿಡಿದು, ಸ್ಟ್ಯಾಂಡಿನ ಕಡ್ಡಿ ಸಿಕ್ಕಿಸಲು ಹೊಟ್ಟೆಗೆ ತಾವೇ ಕೊರೆದ ತೂತನ್ನು ಕ್ಯಾಮೆರಾಕ್ಕೆ ತೋರಿಸುತ್ತಾ ನಗುತ್ತಿದ್ದವರು ನೀಲಾವತಿ ಟೀಚರ್.