ಎಡತೋಳಿನ ಪಾಠ

"ಕ್ಲಾಸ್ ಅಂದ್ರೆ ಅಚ್ಚು, ಆಬ್ಜೆಕ್ಟ್ ಅಂದ್ರೆ ಅದರಿಂದ ತೆಗೆದ ಇಟ್ಟಿಗೆ" ಎಂದು ಅವಳು ಎಷ್ಟು ಸಲ ಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಪ್ರೋಗ್ರಾಮಿಂಗ್ ಕಲಿಯಲು ಬಂದ ಹೊಸಬರು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರದ ಮಾಲೀಕರು ಆಕಳಿಸಿದರು. ಅವರಿಗೆ ಈ ಒಂದು ಪಾಠ ಮೆಚ್ಚಿಗೆಯಾದರೆ ಅವಳಿಗೆ ಟೀಚರ್ ಕೆಲಸ. ಇಲ್ಲವಾದರೆ ಗಂಡನ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವುದು ಇದ್ದೇ ಇತ್ತು.

ಆಗ ಅವಳ ಕಣ್ಣಿಗೆ ಬಿದ್ದದ್ದು ಎಲ್ಲರೂ ತೊಟ್ಟಿದ್ದ ನೀಲಿ ಯೂನಿಫಾರ್ಮ್ ಶರ್ಟು. ಮಾಲೀಕರದೂ ಅದೇ. ಹೋದ ತಿಂಗಳು ಅವಳ ಗಂಡನೇ ಹೊಲಿದುಕೊಟ್ಟದ್ದು.

"ಇಟ್ಟಿಗೆ ಬಿಡಿ, ಶರ್ಟು ನೋಡ್ಕೊಳ್ಳಿ. ಟೈಲರ್ ಮೊದ್ಲು ಕಾಗದದಲ್ಲಿ ಪ್ಯಾಟರ್ನ್ ಕತ್ತರಿಸ್ತಾರೆ. ಅದು ಕ್ಲಾಸ್. ಕಾಗದ ತೊಟ್ಕೊಂಡು ಓಡಾಡೋಕಾಗುತ್ತಾ? ಅದನ್ನಿಟ್ಟು ಹೊಲಿದ ಒಂದೊಂದು ಶರ್ಟೂ ಒಂದೊಂದು ಆಬ್ಜೆಕ್ಟ್. ನಿಮ್ಮ ಶರ್ಟಿಗೆ ಇಂಕ್ ಚೆಲ್ಲಿದ್ರೆ ಪಕ್ಕದವರದ್ದು ಕಲೆಯಾಗಲ್ಲ. ಆದ್ರೆ ಪ್ಯಾಟರ್ನ್‌ನಲ್ಲೇ ತಪ್ಪಿದ್ರೆ?"

"ಎಲ್ಲರ ಶರ್ಟಲ್ಲೂ ತಪ್ಪು!" ಕೋಣೆಯಿಡೀ ಕೂಗಿತು. ಅವಳಿಗೆ ಹೋದ ಜೀವ ಬಂದಂತಾಯಿತು.

ಮುಂದಿನ ಸಾಲಿನ ಹುಡುಗಿ ಎರಡೂ ಕೈ ಚಾಚಿದಳು. "ಹಾಗಾದ್ರೆ ಮೇಡಂ, ನನ್ನ ಎಡತೋಳು ಗಿಡ್ಡ ಇರೋದು...?"

"ನಂದೂ ಗಿಡ್ಡ! ನಾನು ನನ್ನ ಕೈಯೇ ಉದ್ದ ಅಂದ್ಕೊಂಡಿದ್ದೆ," ಎಂದ ಪಕ್ಕದವನು.

ನೋಡನೋಡುತ್ತಿದ್ದಂತೆ ಇಡೀ ತರಗತಿ ಕೈ ಚಾಚಿ ಕೂತಿತು. ಎಲ್ಲರ ಎಡ ಮಣಿಕಟ್ಟೂ ಹೊರಗೆ ಇಣುಕುತ್ತಿತ್ತು. ಮಾಲೀಕರು ಎದ್ದೇಬಿಟ್ಟರು. "ನಾನು ಡಾಕ್ಟರ್ ಹತ್ರ ಹೋಗಿ ಕೈ ತೋರಿಸ್ಕೊಂಡು ಬಂದೆನಲ್ರೀ! ಆ ಟೈಲರನ್ನ ಸುಮ್ನೆ ಬಿಡಲ್ಲ."

ಸುಮ್ಮನಿದ್ದರೂ ನಾಳೆ ಗೊತ್ತಾಗುವ ವಿಷಯ. ಅವಳೇ ಮುಂದೆ ಬಂದು, "ಅವರು ನಮ್ಮ ಯಜಮಾನರೇ ಸಾರ್" ಎಂದಳು.

ಸಂಜೆ ಅಂಗಡಿಗೆ ಬಂದವಳೇ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಎಡತೋಳಿನ ಪ್ಯಾಟರ್ನ್‌ಗೆ ಏನು ಮಾಡಿದ್ರಿ?"

"ಅಂಚನ್ನ ಇಲಿ ಕಡಿದಿತ್ತು ಕಣೇ. ನೀಟಾಗಿರ್ಲಿ ಅಂತ ಸಮ ಮಾಡಿ ಕತ್ತರಿಸ್ದೆ. ಅದಿರ್ಲಿ, ಕೆಲಸ ಸಿಕ್ತಾ?"

"ಸಿಕ್ತು. ಇಷ್ಟು ಚೆನ್ನಾಗಿ ಯಾರೂ ಅರ್ಥ ಮಾಡಿಸಿರ್ಲಿಲ್ಲ ಅಂದ್ರು."

"ಭಲೇ!" ಅವನ ಮುಖ ಊರಗಲವಾಯಿತು.

"ನಿಮಗೂ ಸಿಕ್ಕಿದೆ. ಅಷ್ಟೂ ಶರ್ಟಿನ ಎಡತೋಳು ಬಿಚ್ಚಿ ಹೊಸದು ಹಾಕ್ಬೇಕಂತೆ. ಪುಕ್ಕಟೆ."

ಗಂಡ ಕತ್ತರಿ ಕೆಳಗಿಟ್ಟ.

"ಅಲ್ವೇ, ಪಾಠ ಮಾಡೋಕೆ ಲೋಕದಲ್ಲಿ ನಿನಗೆ ಬೇರೆ ಉದಾಹರಣೆಯೇ ಸಿಗ್ಲಿಲ್ವಾ?"