ಮೊದಲ ಚಿಪ್ಪು

ಫಿನ್‌ಬಾರ್ ಚಾಕುವಿನಿಂದ ಬಾಯಿ ಬಿಡಿಸಿದ ಚಿಪ್ಪುಮೀನು ಅವನ ತುಟಿಯ ಹತ್ತಿರ ಬಂದಿತ್ತು. ಋತುವಿನ ಮೊದಲ ಚಿಪ್ಪನ್ನು ಅವನು ಹಸಿಯಾಗಿ ತಿಂದ ಮೇಲೆಯೇ ಬ್ಯಾಂಟ್ರಿ ಕೊಲ್ಲಿಯ ಅವರ ಗುಂಪು ಚಿಪ್ಪುಗಳು ಅಂಟಿ ಬೆಳೆಯುವ ಹಗ್ಗಗಳನ್ನು ನೀರಿನಿಂದ ಮೇಲೆಳೆಯುತ್ತಿತ್ತು. ಹಿಂದಿನ ದೋಣಿಗಳಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಸ್ವಲ್ಪ ತಡಿ ಚಿಕ್ಕಪ್ಪಾ," ಎಂದಳು ಅವನದೇ ದೋಣಿಯಲ್ಲಿ ಕೂತಿದ್ದ ನೋರೀನ್, ತೊಡೆಯ ಮೇಲಿನ ಊಟದ ಡಬ್ಬಿಯಷ್ಟು ಪುಟ್ಟ ಯಂತ್ರದಿಂದ ಕಣ್ಣೆತ್ತದೆ. ಬೆಳಗ್ಗೆ ಇದೇ ಜಾಗದ ನೀರನ್ನು ಸೋಸಿ ಅದಕ್ಕೆ ಹಾಕಿದ್ದಳು.

"ಎಷ್ಟು ತಿಳಿಯಾಗಿದೆ ನೋಡೇ! ಹಗ್ಗದ ತುದಿವರೆಗೂ ಕಾಣ್ತಿದೆ. ವಿಷ ಬಂದ್ರೆ ನೀರು ಕೆಂಪಾಗತ್ತೆ. ನಿನ್ನ ಊಟದ ಡಬ್ಬಿ ನಂಗೆ ಸಮುದ್ರದ ಪಾಠ ಹೇಳತ್ತಾ?"

ಅಷ್ಟರಲ್ಲಿ ಯಂತ್ರದ ಪರದೆಯ ತಳಕ್ಕೆ ಅಂಟಿಕೊಂಡಿದ್ದ ಹಸಿರು ಗೆರೆ ತಲೆಯೆತ್ತಿತು. ನೋಡನೋಡುತ್ತಲೇ ನೆಟ್ಟಗೆ ಮೇಲೇರಿತು.

"ಏನೇ ಅದು?"

"ವಿಷದ ಪಾಚಿದು ಡಿಎನ್‌ಎ. ಕಣ್ಣಿಗೆ ಕಾಣಲ್ಲ. ಅದನ್ನೇ ಒಂದಕ್ಕೆರಡು, ಎರಡಕ್ಕೆ ನಾಲ್ಕು ಮಾಡ್ತಾ ಹೋಗಿ ಯಂತ್ರ ತೋರಿಸ್ತಿದೆ. ಈ ತಿಳಿನೀರಲ್ಲೇ ಇದೆ, ಚಿಕ್ಕಪ್ಪ. ಚಿಪ್ಪುಗಳು ತಿನ್ನೋದೂ ಅದನ್ನೇ."

ಫಿನ್‌ಬಾರ್ ಬಗ್ಗಿ ನೋಡಿದ. ಹಗ್ಗದ ತುದಿ ಈಗಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಕಂಡ ನೀರನ್ನು ಇದೀಗ ಮೊದಲ ಸಲ ಕಂಡವನಂತೆ ಬಹಳ ಹೊತ್ತು ನೋಡಿದ. ಚಿಪ್ಪನ್ನು ಮೆಲ್ಲಗೆ ನೀರಿಗೆ ಬಿಟ್ಟು, ಚರ್ಚಿನೊಳಗೆ ಕಾಲಿಟ್ಟವನ ಹಾಗೆ ಟೋಪಿ ತೆಗೆದ.

ಏನು, ಏಕೆ ಎಂದು ತಿಳಿಯದೆಯೇ ಹಿಂದಿನ ದೋಣಿಗಳಲ್ಲೂ ಒಂದೊಂದಾಗಿ ಟೋಪಿಗಳು ಇಳಿದವು.